ಅಯ್ಯನಕೆರೆಗೆ ಸೈಕಲ್: ವಾಪಸ್ ದಾರಿಗೆ ಕಾಲು ಉಳಿಸಿಕೊಳ್ಳುವುದು ಹೇಗೆ

ಚಿಕ್ಕಮಗಳೂರಿನಿಂದ ಅಯ್ಯನಕೆರೆಗೆ ಸೈಕಲ್ ತುಳಿಯುವವರು ಈಗ ಜಾಸ್ತಿ ಆಗಿದ್ದಾರೆ. ಬೆಳಿಗ್ಗೆ ಕೆರೆ ಏರಿಯ ಮೇಲಿನ ಫೋಟೊ ಬರುತ್ತದೆ. ಎರಡು ಗಂಟೆ ಬಿಟ್ಟು ಫೋನ್ ಬರುತ್ತದೆ: "ಅಣ್ಣಾ, ಸಕ್ರೆಪಟ್ಣ ದಾಟಿದ ಮೇಲೆ ಕಾಲೇ ಆಡ್ತಿಲ್ಲ. ಲಗೇಜ್ ಆಟೊದವ್ರ ನಂಬರ್ ಇದ್ಯಾ?"

ಹೆಚ್ಚಿನವರು ಸೋಲುವುದು ಒಂದೇ ಕಡೆ, ವಾಪಸ್ ದಾರಿಯಲ್ಲಿ. ಕಾರಣ ರಸ್ತೆಯಲ್ಲೇ ಇದೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 40 ಕಿ.ಮೀ. ದೂರದ ಕಡೂರು ಸುಮಾರು 760 ಮೀಟರ್. ನಡುವೆ ಸಣ್ಣಪುಟ್ಟ ಏರು ಬಂದರೂ ಒಟ್ಟಾರೆ ರಸ್ತೆ ಇಳಿಯುತ್ತಲೇ ಹೋಗುತ್ತದೆ. ಲೆಕ್ಕ ಹಾಕಿದರೆ 100 ಮೀಟರಿಗೆ 80 ಸೆಂಟಿಮೀಟರಿನಷ್ಟು ಇಳಿಜಾರು. ಇಷ್ಟು ಕಡಿಮೆ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ರಸ್ತೆ ಮಟ್ಟಸವಾಗಿದೆ ಅನ್ನಿಸುತ್ತದೆ. ಸೈಕಲ್ ಸಲೀಸಾಗಿ ಓಡುತ್ತದೆ. "ಇವತ್ತು ಕಾಲು ಚೆನ್ನಾಗಿದೆ" ಅಂದುಕೊಂಡು ಇನ್ನೂ ಜೋರಾಗಿ ತುಳಿಯುತ್ತೇವೆ. ವಾಪಸ್ ಬರುವಾಗ ಅದೇ ರಸ್ತೆ ಏರು. ಮೇಲೆ ಬಿಸಿಲು, ಎಷ್ಟೋ ತಿಂಗಳು ಎದುರುಗಾಳಿ ಬೇರೆ.

ಆದ್ದರಿಂದ ಈ ಸವಾರಿಯ ಸಿದ್ಧತೆಯನ್ನೆಲ್ಲ ವಾಪಸ್ ದಾರಿಯನ್ನು ಮನಸ್ಸಿನಲ್ಲಿಟ್ಟು ಮಾಡಬೇಕು. ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ನಾಲ್ಕು ಮತ್ತು ಐದನೆಯ ಹಂತಗಳನ್ನು ಬಿಟ್ಟು ನೇರವಾಗಿ ಕೆರೆಗೆ ಹೊರಡುವುದೇ ಬಹಳ ಜನ ಮಾಡುವ ತಪ್ಪು.

ಹಂತ 1: ದಾರಿಯನ್ನು ತಲೆಯಲ್ಲಿ ಕೂರಿಸಿಕೊಳ್ಳಿ

ಚಿಕ್ಕಮಗಳೂರಿನಿಂದ ಕಡೂರು ರಸ್ತೆ ಹಿಡಿಯಿರಿ. ಇದು ರಾಷ್ಟ್ರೀಯ ಹೆದ್ದಾರಿ 173. ಲಕ್ಯಾ ಕ್ರಾಸ್ ದಾಟಿ ಮುಂದೆ ಹೋದರೆ ಸಖರಾಯಪಟ್ಟಣ, ಆಡುಮಾತಿನ ಸಕ್ರೆಪಟ್ಣ, ಸಿಗುತ್ತದೆ. ಅದು ಚಿಕ್ಕಮಗಳೂರು ಮತ್ತು ಕಡೂರಿಗೆ ಹೆಚ್ಚುಕಡಿಮೆ ನಡುಮಧ್ಯದಲ್ಲಿದೆ. ಅಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ, ಬೆಟ್ಟದ ಕಡೆಗೆ ತಿರುಗಬೇಕು. ಎಡಗಡೆ ಗೋಪುರದ ಹಾಗೆ ಚೂಪಾಗಿ ನಿಂತ ಶಕುನಗಿರಿ ಕಾಣುತ್ತದೆ. ಕೆರೆ ಅದರ ಬುಡದಲ್ಲಿದೆ. ದಾರಿ ತಪ್ಪಿತೇನೋ ಅನ್ನಿಸಿದರೆ ಮೊದಲು ಆ ಬೆಟ್ಟ ಎಲ್ಲಿದೆ ನೋಡಿ.

ಹೋಗಿ ಬರುವುದು ಒಟ್ಟು 50ರಿಂದ 60 ಕಿ.ಮೀ. ಊರಿನ ಯಾವ ಭಾಗದಿಂದ ಹೊರಡುತ್ತೀರಿ ಅನ್ನುವುದರ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಸಿದ್ಧತೆ ಮಾಡುವಾಗ 60 ಎಂದೇ ಹಿಡಿಯಿರಿ.

ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಮೊಬೈಲ್ ಮ್ಯಾಪ್ ತೋರಿಸುವ ಅಡ್ಡದಾರಿಗೆ ಇಳಿಯುವುದು. ಮ್ಯಾಪಿಗೆ ತೋಟದ ದಾರಿಯೂ ಒಂದೇ, ಡಾಂಬರು ರಸ್ತೆಯೂ ಒಂದೇ. ಸಣ್ಣ ಟಯರಿನ ರೋಡ್ ಬೈಕನ್ನು ಆ ಮಣ್ಣಿನ ದಾರಿಯಲ್ಲಿ ತಳ್ಳಿಕೊಂಡು ಬರಬೇಕಾಗುತ್ತದೆ. ಎರಡು, ಕೆರೆಯ ಸುತ್ತ ಪೂರ್ತಿ ಒಂದು ಸುತ್ತು ಹಾಕುತ್ತೇನೆ ಎಂದು ಹೊರಡುವುದು. ಕೆರೆಯ ಹಿಂಭಾಗದಲ್ಲಿ ಬೆಟ್ಟದ ತಪ್ಪಲು, ಹಳ್ಳ, ಹೊಲ ಇವೆ. ರೋಡ್ ಬೈಕಿನಲ್ಲಿ ಏರಿಯವರೆಗೆ ಹೋಗಿ ಅದೇ ದಾರಿಯಲ್ಲಿ ಮರಳುವುದೇ ಸರಿ.

ಹಂತ 2: ಸೈಕಲ್ಲನ್ನು ಹಿಂದಿನ ದಿನವೇ ನೋಡಿ

ಹೊರಡುವ ಬೆಳಿಗ್ಗೆ ಸೈಕಲ್ ನೋಡಲು ಕೂರಬೇಡಿ. ಏನಾದರೂ ಕೆಟ್ಟಿದ್ದರೆ ಆ ಹೊತ್ತಿಗೆ ಅಂಗಡಿ ತೆಗೆದಿರುವುದಿಲ್ಲ. "ಪರವಾಗಿಲ್ಲ ಬಿಡು" ಎಂದು ಹಾಗೇ ಹೊರಟುಬಿಡುತ್ತೀರಿ.

ಮೊದಲು ಟಯರು. 28 ಮಿ.ಮೀ. ಅಗಲದ ಟಯರು ಈ ದಾರಿಗೆ ಚೆನ್ನಾಗಿ ಹೊಂದುತ್ತದೆ. ಸುಮಾರು 70 ಕೆ.ಜಿ. ತೂಕದವರಿಗೆ ಮುಂದಿನ ಚಕ್ರಕ್ಕೆ 70, ಹಿಂದಿನದಕ್ಕೆ 75ರಿಂದ 80 ಪಿಎಸ್‌ಐ ಗಾಳಿ ಸಾಕು. 25 ಮಿ.ಮೀ. ಟಯರಿಗೆ ಹತ್ತು ಜಾಸ್ತಿ ಹಾಕಿ. ಕಲ್ಲಿನ ಹಾಗೆ ಗಟ್ಟಿ ಮಾಡಿದರೆ ವೇಗ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಹಳ್ಳಿ ರಸ್ತೆಯ ಒರಟಿಗೆ ಸೈಕಲ್ ಕುಪ್ಪಳಿಸುತ್ತದೆ, ಕೈ ಮರಗಟ್ಟುತ್ತದೆ, ಅಷ್ಟೇ. ಹೈಬ್ರಿಡ್ ಅಥವಾ ಎಂಟಿಬಿ (ಮೌಂಟನ್ ಬೈಕ್) ಸೈಕಲ್ ಇದ್ದರೂ ಹೋಗಬಹುದು. ಟಯರಿನ ಬದಿಯಲ್ಲಿ ಬರೆದ ಗರಿಷ್ಠ ಮಿತಿಯ ಹತ್ತಿರಕ್ಕೆ ಗಾಳಿ ಹಾಕಿ. ಮುಂದಿನ ಫೋರ್ಕಿಗೆ ಲಾಕ್ ಇದ್ದರೆ ಹಾಕಿಕೊಳ್ಳಿ.

ಆಮೇಲೆ ಗೇರು. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಸಲೀಸಾಗಿ ಏರುತ್ತದಾ ನೋಡಿ. ವಾಪಸ್ ಬರುವಾಗ ಬೇಕಾಗುವುದು ಅದೇ. ಹೋಗುವಾಗ ಅದನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಸೈಕಲ್ ಎತ್ತಿ ಹಿಡಿದು ಪೆಡಲ್ ತಿರುಗಿಸಿ. ಒಂದೊಂದೇ ಗೇರ್ ಬದಲಿಸಿ. ಚೈನು ಟಕಟಕ ಅಂದರೆ, ಎರಡು ಹಲ್ಲುಚಕ್ರದ ನಡುವೆ ಅಲ್ಲಾಡಿದರೆ ಕೇಬಲ್ ಸರಿಮಾಡಿಸಿ.

ಬ್ರೇಕ್ ಶೂ ಸವೆದಿದೆಯಾ, ರಿಮ್ಮಿಗೆ ಸರಿಯಾಗಿ ಕೂರುತ್ತದಾ, ಟಯರಿಗೆ ತಾಗುತ್ತಿದೆಯಾ ನೋಡಿ. ಚೈನಿಗೆ ಎಣ್ಣೆ ಬಿಟ್ಟು, ಮೇಲೆ ಕಾಣುವ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಹಾಗೇ ಬಿಟ್ಟರೆ ಬಯಲುಸೀಮೆಯ ಧೂಳೆಲ್ಲ ಬಂದು ಅಂಟುತ್ತದೆ.

ಹಂತ 3: ಒಯ್ಯಬೇಕಾದ ಸಾಮಾನು

ಎರಡು ಹೊಸ ಟ್ಯೂಬು. ಮೂರು ಟಯರ್ ಲಿವರ್. ನಿಮ್ಮ ಟ್ಯೂಬಿನ ವಾಲ್ವಿಗೆ ಹೊಂದುವ ಕೈಪಂಪು. ಪ್ಯಾಚ್ ಸಾಮಾನು. ಅಲೆನ್ ಕೀ ಇರುವ ಸಣ್ಣ ಟೂಲ್. ಹಿಂದೆ ಮಿನುಗುವ ಕೆಂಪು ಲೈಟು, ಮುಂದೆ ಬಿಳಿ ಲೈಟು. ಹೆಲ್ಮೆಟ್. 750 ಮಿಲಿಲೀಟರಿನ ಎರಡು ನೀರಿನ ಬಾಟಲಿ. ಫೋನು. ಚಿಲ್ಲರೆ ದುಡ್ಡು.

ವಾಲ್ವಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇಲ್ಲೇ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ರೋಡ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇರುತ್ತದೆ. ದಾರಿಬದಿಯ ಪಂಚರ್ ಅಂಗಡಿಯ ಗಾಳಿ ಪೈಪು ಮೋಟರ್ ಬೈಕಿನ ದಪ್ಪ ವಾಲ್ವಿಗೆ ಮಾಡಿದ್ದು. ಎರಡೂ ಕೂಡುವುದಿಲ್ಲ. ಅಂಗಡಿ ಎದುರಿಗೇ ಇದ್ದರೂ ಗಾಳಿ ಸಿಗುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ತಂದು ವಾಲ್ವಿನ ಮೇಲೇ ತಿರುಗಿಸಿ ಬಿಡಿ, ಕಳೆದುಹೋಗುವುದಿಲ್ಲ. ಅಂಗಡಿಯಲ್ಲಿ ಗಾಳಿ ಹಾಕಿಸುವಾಗ ಮಾತ್ರ ಸ್ವಲ್ಪ ಸ್ವಲ್ಪವೇ ಬಿಡಲು ಹೇಳಿ. ಸೈಕಲ್ ಟ್ಯೂಬು ಸಣ್ಣದು, ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಡ ಮೇಲೇರುತ್ತದೆ.

ತಿನ್ನಲು ಬಾಳೆಹಣ್ಣು, ಕಡಲೆಮಿಠಾಯಿ, ಒಂದು ಓಆರ್‌ಎಸ್ ಪೊಟ್ಟಣ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಬೇಕು. ದೊಡ್ಡ ಪೊಟ್ಟಣ 1 ಲೀಟರಿಗೆ ಅಳೆದದ್ದು. ಅದನ್ನು ಪೂರ್ತಿ 750 ಮಿಲಿಲೀಟರಿಗೆ ಸುರಿದರೆ ಉಪ್ಪು ಜಾಸ್ತಿ ಆಗುತ್ತದೆ.

ಹಂತ 4: ಪಂಚರ್ ಹಾಕುವುದನ್ನು ಮನೆಯಲ್ಲೇ ಕಲಿಯಿರಿ

ಮಲೆನಾಡಿನ ಕಡೆಯಿಂದ ಬಯಲುಸೀಮೆಗೆ ಇಳಿದಂತೆ ರಸ್ತೆ ಪಕ್ಕ ಜಾಲಿ ಜಾಸ್ತಿ ಆಗುತ್ತದೆ. ಅದರ ಮುಳ್ಳು ತೆಳು ಟಯರನ್ನು ಸುಲಭವಾಗಿ ದಾಟುತ್ತದೆ. ಪಂಚರ್ ಆಗಿಯೇ ಆಗುತ್ತದೆ ಎಂದುಕೊಂಡು ಹೊರಡಿ.

1. ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಆಮೇಲೆ ಬ್ರೇಕ್ ಸಡಿಲಿಸಿ ಚಕ್ರ ಬಿಚ್ಚಿ. ಈ ಕ್ರಮ ಬಿಟ್ಟರೆ ಚಕ್ರ ಚೈನಿನಲ್ಲಿ ಸಿಕ್ಕಿಕೊಂಡು ಕೈಯೆಲ್ಲ ಗ್ರೀಸ್ ಆಗುತ್ತದೆ.

2. ಉಳಿದ ಗಾಳಿ ಬಿಡಿ. ವಾಲ್ವಿನ ಎದುರು ಬದಿಯಿಂದ ಲಿವರ್ ಹಾಕಿ ಟಯರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ. ಟ್ಯೂಬು ಎಳೆಯಿರಿ.

3. ಈಗ ಅವಸರ ಬೇಡ. ಟಯರಿನ ಒಳಭಾಗದಲ್ಲಿ ಪೂರ್ತಿ ಸುತ್ತ ಬಟ್ಟೆ ಎಳೆಯಿರಿ. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ. ಹಳೆ ಟ್ಯೂಬಿಗೆ ಗಾಳಿ ತುಂಬಿ ತೂತು ಎಲ್ಲಿದೆ ನೋಡಿ, ಟಯರಿನ ಪಕ್ಕ ಹಿಡಿದು ಹೋಲಿಸಿ. ಮುಳ್ಳು ಸಿಗುವವರೆಗೆ ಹೊಸ ಟ್ಯೂಬು ಹಾಕಲೇಬೇಡಿ. ಮುರಿದ ತುದಿ ರಬ್ಬರಿನೊಳಗೇ ಉಳಿದಿದ್ದರೆ ಐದು ನಿಮಿಷದಲ್ಲಿ ಎರಡನೇ ಟ್ಯೂಬೂ ಹೋಗುತ್ತದೆ. ಆಟೊ ನಂಬರ್ ಕೇಳುವ ಫೋನುಗಳಲ್ಲಿ ಹಲವಕ್ಕೆ ಮೂಲ ಇದೇ.

4. ಹೊಸ ಟ್ಯೂಬಿಗೆ ಅದರ ಆಕಾರ ಬರುವಷ್ಟು ಮಾತ್ರ ಗಾಳಿ ಕೊಟ್ಟು ಒಳಗೆ ಕೂರಿಸಿ. ಟಯರನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ಎರಡೂ ಕೈಯಿಂದ ಒಳಕ್ಕೆ ತಳ್ಳುತ್ತಾ ವಾಲ್ವಿನ ಹತ್ತಿರ ಮುಗಿಸಿ. ಕೊನೆಯಲ್ಲಿ ಬಿಗಿ ಅನ್ನಿಸಿದರೂ ಲಿವರ್ ಹಾಕಬೇಡಿ, ಟ್ಯೂಬು ಕಚ್ಚಿಕೊಳ್ಳುತ್ತದೆ. ಹೆಬ್ಬೆರಳೇ ಸಾಕು.

5. ಎರಡೂ ಬದಿಯಲ್ಲಿ ಟ್ಯೂಬು ಇಣುಕುತ್ತಿದೆಯಾ ನೋಡಿ, ಆಮೇಲೆ ಗಾಳಿ ತುಂಬಿ. ಚಕ್ರ ಹಾಕಿದ ಮೇಲೆ ಸಡಿಲಿಸಿದ ಬ್ರೇಕನ್ನು ಮತ್ತೆ ಬಿಗಿ ಮಾಡಿ. ಇದನ್ನು ಮರೆತು ಹೊರಟವರನ್ನು ನೋಡಿದ್ದೇನೆ. ಮೊದಲ ಹಂಪಿನಲ್ಲೇ ಎದೆ ಝಲ್ಲೆನ್ನುತ್ತದೆ.

ಇಷ್ಟನ್ನೂ ಮನೆಯಂಗಳದಲ್ಲಿ, ನಿಮ್ಮ ಕೈಪಂಪಿನಿಂದಲೇ ಒಮ್ಮೆ ಮಾಡಿ ನೋಡಿ. ಸ್ಟ್ಯಾಂಡ್ ಪಂಪಿನಲ್ಲಿ ಮಾಡಿದರೆ ಅಭ್ಯಾಸ ಆದಂತಲ್ಲ.

ಹಂತ 5: ಮೊದಲು ಹಿರೇಕೊಳಲೆಗೆ ಹೋಗಿ ಬನ್ನಿ

ಹಿರೇಕೊಳಲೆ ಕೆರೆ ಚಿಕ್ಕಮಗಳೂರಿನಿಂದ ಸುಮಾರು 10 ಕಿ.ಮೀ. ಸುತ್ತ ಬೆಟ್ಟ, ದಾರಿಯಲ್ಲಿ ಕಾಫಿ ತೋಟ. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಅದು, ನೀರಿಗೆ ಇಳಿಯಬೇಡಿ. ಇದನ್ನು ಪರೀಕ್ಷಾ ಸವಾರಿ ಅಂದುಕೊಳ್ಳಿ. ದಾರಿ ಚಿಕ್ಕದು, ಮನೆ ಹತ್ತಿರ, ಸೈಕಲ್ ತೊಂದರೆ ಕೊಟ್ಟರೆ ಯಾರನ್ನಾದರೂ ಕರೆಯಬಹುದು.

ಇಲ್ಲಿ ಮೂರು ವಿಷಯ ಗಮನಿಸಿ. ಸೀಟಿನ ಎತ್ತರ ಸರಿ ಇದೆಯಾ? ಪೆಡಲ್ ಅತಿ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಮೊಣಕಾಲಿನ ಮುಂಭಾಗ ನೋವು ಬಂದರೆ ಸೀಟು ಕೆಳಗಿದೆ ಎಂದೇ ಬಹುಪಾಲು ಅರ್ಥ. ತುಳಿಯುವಾಗ ಸೊಂಟ ಎಡಕ್ಕೂ ಬಲಕ್ಕೂ ಜಾರಿದರೆ ಮೇಲಿದೆ. ಎರಡನೆಯದು, ಓಡಿಸುತ್ತಲೇ ಬಾಟಲಿ ತೆಗೆದು ನೀರು ಕುಡಿದು ಮತ್ತೆ ಇಡಲು ಬರುತ್ತದಾ? ಬರದಿದ್ದರೆ ಹೆದ್ದಾರಿಯಲ್ಲಿ ನೀವು ನೀರು ಕುಡಿಯುವುದನ್ನೇ ಮುಂದೂಡುತ್ತೀರಿ. ಮೂರನೆಯದು, ಸಣ್ಣ ಏರಿನಲ್ಲಿ ಉಸಿರು ಎಳೆಯದೆ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಬಹುದಾ? ಆ ತುಳಿತವನ್ನು ನೆನಪಿಟ್ಟುಕೊಳ್ಳಿ. ಅಯ್ಯನಕೆರೆಗೆ ನಿಮ್ಮ ಮಿತಿ ಅದೇ.

ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ತೋಟದ ಜೀಪು, ಪಿಕಪ್ ತಿರುವಿನಲ್ಲಿ ಎದುರಾಗುತ್ತವೆ. ತಿರುವಿನಲ್ಲಿ ಎಡ ಅಂಚು ಬಿಡಬೇಡಿ.

ಹಂತ 6: ದಿನ, ಹೊತ್ತು, ಗಾಳಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬಿಸಿಲು ಹದವಾಗಿರುತ್ತದೆ, ಕೆರೆಯಲ್ಲಿ ಸಾಮಾನ್ಯವಾಗಿ ನೀರಿರುತ್ತದೆ. ಈ ತಿಂಗಳುಗಳಲ್ಲಿ ಗಾಳಿ ಹೆಚ್ಚಾಗಿ ಪೂರ್ವದ ಕಡೆಯಿಂದ ಬೀಸುತ್ತದೆ. ಹೋಗುವಾಗ ಸ್ವಲ್ಪ ಎದುರು, ಬರುವಾಗ ಬೆನ್ನಿಗೆ. ಇದು ನಮಗೆ ಅನುಕೂಲ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕ ಉಲ್ಟಾ. ಮುಂಗಾರಿನ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬರುತ್ತದೆ. ಹೋಗುವಾಗ ಇಳಿಜಾರು, ಜೊತೆಗೆ ಬೆನ್ನಿಗೆ ಗಾಳಿ. ವಾಪಸ್ ಬರುವಾಗ ಏರು ಮತ್ತು ಎದುರುಗಾಳಿ ಎರಡೂ ಸೇರುತ್ತವೆ. ಬಾಬಾಬುಡನ್‌ಗಿರಿ ಸಾಲಿನ ಮೇಲೆ ಮಳೆ ಸುರಿಯುತ್ತಿದ್ದರೂ ಸಖರಾಯಪಟ್ಟಣದ ಕಡೆ ಬರೀ ಗಾಳಿ ಇರಬಹುದು. ಮೊದಲ ಸಲ ಹೋಗುವವರು ಈ ತಿಂಗಳು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಹೋಗುವುದಾದರೆ ಬೆಳಗಿನಲ್ಲೇ ಮುಗಿಸಿ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಬರುತ್ತದೆ, ಬಯಲಿನಲ್ಲಿ ನಿಲ್ಲಲು ನೆಲೆ ಸಿಗುವುದಿಲ್ಲ.

ಬೆಳಕು ಹರಿದ ಕೂಡಲೇ, ಆರೂಕಾಲು ಆರೂವರೆಗೆ ಹೊರಡಿ. ಎಂಟಕ್ಕೆ ಕೆರೆ. ಎಂಟೂವರೆ, ಒಂಬತ್ತರೊಳಗೆ ಕೆರೆ ಬಿಡಬೇಕು. ಹೋಗಲು ಒಂದೂವರೆ ಗಂಟೆ ಹಿಡಿದರೆ ಬರಲು ಎರಡೂಕಾಲು ಗಂಟೆ ಇಟ್ಟುಕೊಳ್ಳಿ. ಈ ಒಂದು ಲೆಕ್ಕ ಸರಿ ಇದ್ದರೆ ಅರ್ಧ ಕಷ್ಟ ಕಡಿಮೆ. ಎಂಟು ಗಂಟೆಗೆ ತಿಂಡಿ ಮುಗಿಸಿ ಹೊರಡುವವರು ಏರಿನ ದಾರಿಗೆ ಸರಿಯಾಗಿ ಉರಿಬಿಸಿಲಲ್ಲಿ ಬಂದು ಬೀಳುತ್ತಾರೆ.

ಚಳಿಗಾಲದಲ್ಲಿ ಮಂಜು ದಟ್ಟವಾಗಿದ್ದರೆ ಕಾಯಿರಿ. ಐವತ್ತು ಅರವತ್ತು ಮಾರು ಮುಂದೆ ಕಾಣದಿದ್ದರೆ ಹೆದ್ದಾರಿಗೆ ಇಳಿಯಬೇಡಿ. ಅರ್ಧ ಗಂಟೆ ತಡವಾದರೂ ನಷ್ಟವಿಲ್ಲ. ಮಂಜು ಹರಿಯಲು ಎಂಟು ಗಂಟೆ ದಾಟಿದರೆ ಆ ದಿನ ಹಿರೇಕೊಳಲೆಗೇ ಹೋಗಿ ಬನ್ನಿ.

ಹಂತ 7: ಹೋಗುವ ದಾರಿ, ಕೈ ಬಿಗಿ ಹಿಡಿದು

ಹೊಟ್ಟೆ ಬರಿದಾಗಿ ಹೊರಡಬೇಡಿ. ಎರಡು ಬಾಳೆಹಣ್ಣು, ಒಂದು ಲೋಟ ಕಾಫಿ ಸಾಕು. ಊರು ದಾಟುವವರೆಗೆ ಹಗುರ ಗೇರಿನಲ್ಲೇ ಇರಿ.

ಆಮೇಲೆ ರಸ್ತೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ವೇಗ ತಾನಾಗಿಯೇ ಬರಲಿ, ನೀವು ಸೇರಿಸಬೇಡಿ. ಮೀಟರಿನಲ್ಲಿ ಗಂಟೆಗೆ 28, 30 ಕಂಡರೆ ಖುಷಿಪಡಿ, ಅದನ್ನು 35 ಮಾಡಲು ಹೋಗಬೇಡಿ. ಮಾತಿನ ಪರೀಕ್ಷೆ ಇಲ್ಲೂ ನಡೆಯಲಿ. ಸ್ನೇಹಿತರ ಜೊತೆ ಹೋದಾಗ ಒಬ್ಬ ಮುಂದೆ ನುಗ್ಗುತ್ತಾನೆ, ಉಳಿದವರು ಅವನ ಹಿಂದೆ ಬೀಳುತ್ತಾರೆ. ಗುಂಪಿನಲ್ಲಿ ಅತಿ ನಿಧಾನ ಇರುವವರನ್ನೇ ಮುಂದೆ ಬಿಡಿ. ಹೆದ್ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು, ಸಾಲಾಗಿ. ಪಕ್ಕಪಕ್ಕ ಹೋಗಿ ಮಾತಾಡಬೇಡಿ.

ಹಿಂದಿನ ಕೆಂಪು ಲೈಟು ಹಗಲಲ್ಲೂ ಮಿನುಗುತ್ತಿರಲಿ. ಬೆಳಿಗ್ಗೆ ಹೋಗುವಾಗ ಸೂರ್ಯ ಹೆಚ್ಚುಕಡಿಮೆ ಎದುರಿಗೇ. ನಿಮ್ಮ ಹಿಂದೆ ಬರುವ ಲಾರಿ ಡ್ರೈವರನ ಕಣ್ಣಿಗೂ ಅದೇ ಬಿಸಿಲು ಹೊಡೆಯುತ್ತಿರುತ್ತದೆ. ಊರುಗಳ ಹತ್ತಿರ ಬಣ್ಣ ಬಳಿಯದ ಹಂಪುಗಳಿರುತ್ತವೆ. ಮನೆಗಳು ಕಂಡ ಕೂಡಲೇ ವೇಗ ಇಳಿಸಿ.

ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ಅಪಾಯ ಇದೆ. ಹಳ್ಳಿ ರಸ್ತೆಗಳಲ್ಲಿ ರೈತರು ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಕಾರಿಗೆ ಅದು ಏನೂ ಅಲ್ಲ. ಸೈಕಲ್ಲಿಗೆ ಎರಡು ತೊಂದರೆ. ಒಣಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಮುರಿದೇ ಹೋಗಬಹುದು. ಮುಂದೆ ಕಣ ಕಂಡರೆ ಮೊದಲೇ ನಿಧಾನ ಮಾಡಿ, ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಬೆಳೆಯ ಸುತ್ತ ಕಾವಲಿಗೆ ಕಲ್ಲು ಇಟ್ಟಿರುತ್ತಾರೆ, ಅದನ್ನೂ ನೋಡಿಕೊಳ್ಳಿ. ಅವರ ವರ್ಷದ ದುಡಿಮೆ ಅಲ್ಲಿ ಬಿದ್ದಿರುತ್ತದೆ. ಕೂಗಾಡಬೇಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ನೋಡಬೇಡಿ. ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಧಾನವಾಗಿ ನಡೆಯಿರಿ. ಬಹಳ ಸಲ ಅದಕ್ಕೆ ಆಸಕ್ತಿ ಹೋಗಿಬಿಡುತ್ತದೆ.

ಸಖರಾಯಪಟ್ಟಣದಲ್ಲಿ ಐದು ನಿಮಿಷ ನಿಲ್ಲಿ. ಬಾಟಲಿ ತುಂಬಿಸಿ. ಮುಂದಿನ ದಾರಿಯಲ್ಲಿ ಅಂಗಡಿ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಇಲ್ಲಿಂದ ಕೆರೆಗೆ ಹೋಗುವ ರಸ್ತೆ ಕಿರಿದು. ತೆಂಗು, ಅಡಿಕೆ ತೋಟಗಳ ನಡುವೆ ಸಾಗುತ್ತದೆ. ಟ್ರ್ಯಾಕ್ಟರ್ ಎದುರು ಬಂದರೆ ನೀವೇ ಇಳಿದು ದಾರಿ ಕೊಡಿ. ಟಾರಿನ ಅಂಚಿನಿಂದ ಮಣ್ಣಿಗೆ ಸರಕ್ಕನೆ ಇಳಿಸಿದರೆ ತೆಳು ಟಯರು ಜಾರುತ್ತದೆ. ನಿಂತು ಇಳಿಯಿರಿ.

ಹಂತ 8: ಕೆರೆಯ ಹತ್ತಿರ ಅರ್ಧ ಗಂಟೆ

ಏರಿಯ ಮೇಲೆ ಸೈಕಲ್ ಓಡಿಸುವ ಸಾಹಸ ಬೇಡ, ತಳ್ಳಿಕೊಂಡು ನಡೆಯಿರಿ. ತೂಬಿನ ಹತ್ತಿರ ನೀರು ಆಳ, ಕಲ್ಲು ಪಾಚಿಗಟ್ಟಿರುತ್ತದೆ. ಬೆವರಿದ ಮೈಯಲ್ಲಿ ಈಜಲು ಇಳಿಯಲೇಬೇಡಿ. ತುಳಿದು ದಣಿದ ಕಾಲಿಗೆ ತಣ್ಣೀರಿನಲ್ಲಿ ಸೆಳೆತ ಬಂದರೆ ದಡ ಹತ್ತಿರವಿದ್ದರೂ ಸೇರಲಾಗುವುದಿಲ್ಲ. ಕೋಡಿ ಬಿದ್ದ ವರ್ಷ ರಸ್ತೆಗೆ ಅಡ್ಡ ನೀರು ಹರಿಯುತ್ತಿದ್ದರೆ, ಮೊಣಕಾಲುದ್ದವೇ ಇರಲಿ, ದಾಟಬೇಡಿ. ಅಲ್ಲಿಂದಲೇ ತಿರುಗಿ.

ಇಲ್ಲಿ ಮಾಡಬೇಕಾದ ಮುಖ್ಯ ಕೆಲಸ ತಿನ್ನುವುದು. ಹಸಿವಿಲ್ಲದಿದ್ದರೂ ತಿನ್ನಿ. ಬಾಳೆಹಣ್ಣು, ಕಡಲೆಮಿಠಾಯಿ, ಕಟ್ಟಿಕೊಂಡು ಬಂದ ಚಪಾತಿ ಪಲ್ಯ, ಏನಾದರೂ ಸರಿ. ಹೊಟ್ಟೆ ಬಿರಿಯುವಷ್ಟು ಬೇಡ. ಹೋಗುವಾಗ ಸುಸ್ತಾಗಿರುವುದಿಲ್ಲ, ಹಾಗಾಗಿ ಜನ ಇಲ್ಲಿ ಫೋಟೊ ತೆಗೆದು, ಹರಟೆ ಹೊಡೆದು ಹೊರಟುಬಿಡುತ್ತಾರೆ. ಒಂದು ಗಂಟೆ ಬಿಟ್ಟು ಕೈಕಾಲು ನಡುಗುತ್ತದೆ. ಆಗ ತಿಂದದ್ದು ಕಾಲಿಗೆ ತಲುಪಲು ಹೊತ್ತು ಹಿಡಿಯುತ್ತದೆ.

ಹೊರಡುವ ಮುಂಚೆ ಎರಡೂ ಟಯರನ್ನು ನಿಧಾನ ತಿರುಗಿಸಿ ನೋಡಿ. ಚುಚ್ಚಿಕೊಂಡು ಇನ್ನೂ ಒಳಗೆ ಹೋಗದ ಮುಳ್ಳು ಸಿಕ್ಕರೆ ಈಗಲೇ ಕಿತ್ತುಬಿಡಬಹುದು. ಪ್ಲಾಸ್ಟಿಕ್ ಕವರು, ಬಾಟಲಿ ಎಲ್ಲ ನಿಮ್ಮ ಜೇಬಿನಲ್ಲೇ ಮನೆಗೆ ಬರಲಿ. ಈ ನೀರನ್ನು ನಂಬಿದ ಅಚ್ಚುಕಟ್ಟು ಕೆಳಗಡೆ ಇದೆ.

ಹಂತ 9: ವಾಪಸ್ ದಾರಿ

ಇದನ್ನು ಮೂರು ತುಂಡು ಮಾಡಿಕೊಳ್ಳಿ.

ಮೊದಲ ತುಂಡು, ಕೆರೆಯಿಂದ ಸಖರಾಯಪಟ್ಟಣ. ಕೂತು ತಣ್ಣಗಾದ ಕಾಲು ಮತ್ತೆ ಬಿಸಿಯಾಗಬೇಕು. ಹಗುರ ಗೇರಿನಲ್ಲಿ ಸುಮ್ನೆ ಕಾಲಾಡಿಸಿಕೊಂಡು ಬನ್ನಿ. ಪಟ್ಟಣದಲ್ಲಿ ಮತ್ತೆ ನೀರು ತುಂಬಿಸಿ. ಎಳನೀರು ಸಿಕ್ಕರೆ ಒಂದು ಕುಡಿಯಿರಿ.

ಎರಡನೇ ತುಂಡು, ಅಲ್ಲಿಂದ ಲಕ್ಯಾ ಕ್ರಾಸ್. ಎಲ್ಲ ಕಷ್ಟ ಇಲ್ಲಿದೆ. ರಸ್ತೆ ಮಟ್ಟಸ ಕಾಣುತ್ತದೆ, ಸೈಕಲ್ ಮಾತ್ರ ಮುಂದೆ ಹೋಗುತ್ತಿಲ್ಲ. ಬ್ರೇಕ್ ಹಿಡಿದುಕೊಂಡಿದೆಯೇನೋ ಎಂದು ಜನ ಇಳಿದು ಚಕ್ರ ತಿರುಗಿಸಿ ನೋಡುತ್ತಾರೆ. ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ, ತಪ್ಪಿಲ್ಲ. ಏನೂ ಇಲ್ಲದಿದ್ದರೆ ಅದು ಏರಿನ ಕೆಲಸ ಎಂದು ಒಪ್ಪಿಕೊಳ್ಳಿ. ಹೋಗುವಾಗ ಬಂದ ವೇಗವನ್ನು ಈಗ ಹುಡುಕಬೇಡಿ. ಮೀಟರನ್ನು ನೋಡಲೇಬೇಡಿ, ಗಂಟೆಗೆ 16, 18 ಬಂದರೂ ಅದು ಒಳ್ಳೆಯ ವೇಗವೇ. ಎರಡು ಗೇರು ಹಗುರ ಮಾಡಿ. ಕಾಲು ನಿಮಿಷಕ್ಕೆ 80 ಸುತ್ತಿನ ಹತ್ತಿರ ತಿರುಗುತ್ತಿರಲಿ. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತಿ ಒತ್ತಿ ತುಳಿದರೆ ತೊಡೆ ಬೇಗ ಸೋಲುತ್ತದೆ, ಮೊಣಕಾಲಿಗೂ ಪೆಟ್ಟು.

ಎದುರುಗಾಳಿ ಇದ್ದರೆ ಮೊಣಕೈ ಬಾಗಿಸಿ, ಮೈ ತಗ್ಗಿಸಿ. ಗುಂಪಿದ್ದರೆ ಒಬ್ಬರ ಹಿಂದೆ ಒಬ್ಬರು ಬನ್ನಿ, ಮುಂದಿನವರು ಎರಡು ಮೂರು ನಿಮಿಷಕ್ಕೊಮ್ಮೆ ಬದಲಾಗಲಿ. ಹಿಂದೆ ಇರುವವರಿಗೆ ಗಾಳಿ ಎಷ್ಟೋ ಕಡಿಮೆ ತಾಗುತ್ತದೆ. ಹೊಸಬರು ಮುಂದಿನ ಚಕ್ರಕ್ಕೆ ಅಂಟಿಕೊಳ್ಳದೆ ಒಂದು ಸೈಕಲ್ಲಿನಷ್ಟಾದರೂ ಅಂತರ ಬಿಡಿ. ಹದಿನೈದು ನಿಮಿಷಕ್ಕೊಮ್ಮೆ ನೀರು, ಬಾಯಾರಿಕೆ ಇರಲಿ ಬಿಡಲಿ. ಅರ್ಧ ಗಂಟೆಗೊಮ್ಮೆ ಒಂದು ತುಂಡು ಕಡಲೆಮಿಠಾಯಿ.

ಮೂರನೇ ತುಂಡು, ಲಕ್ಯಾ ಕ್ರಾಸಿನಿಂದ ಊರು. ವಾಹನ ಜಾಸ್ತಿ, ತಲೆ ದಣಿದಿರುತ್ತದೆ. ಶನಿವಾರ, ಭಾನುವಾರ ಪ್ರವಾಸಿಗರ ಕಾರುಗಳೂ ಸೇರುತ್ತವೆ. ಈ ಹೊತ್ತಿನಲ್ಲಿ ಬಲಕ್ಕೆ ತಿರುಗುವ ಮುಂಚೆ ಹಿಂದೆ ನೋಡುವುದನ್ನೇ ಮರೆಯುತ್ತೇವೆ. ಮೊದಲು ಕತ್ತು ತಿರುಗಿಸಿ, ಆಮೇಲೆ ಕೈ ತೋರಿಸಿ, ಆಮೇಲೆ ಸೈಕಲ್ ತಿರುಗಿಸಿ.

ಎಚ್ಚರಿಕೆಯ ಲಕ್ಷಣಗಳನ್ನು ಗುರುತಿಸಲು ಕಲಿಯಿರಿ. ಮೀನಖಂಡ ಪಟಪಟ ಅದುರಿದರೆ ಸೆಳೆತ ಬರುವುದರ ಮುನ್ಸೂಚನೆ, ಇಳಿದು ಕಾಲು ಚಾಚಿ, ನೀರು ಕುಡಿಯಿರಿ. ಕೈ ನಡುಕ, ಸುಮ್ಮನೆ ಸಿಟ್ಟು, ಕಣ್ಣು ಮಂಜಾಗುವುದು ಇದ್ದರೆ ಹೊಟ್ಟೆ ಖಾಲಿ, ಕೂತು ಸಿಹಿ ತಿನ್ನಿ. ಬಿಸಿಲಲ್ಲಿ ಚಳಿ ಅನ್ನಿಸಿ ರೋಮ ನಿಮಿರಿದರೆ, ತಲೆ ಸುತ್ತಿದರೆ, ವಾಂತಿ ಬಂದಂತಾದರೆ ಸವಾರಿ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಹೋಗಿ ಹೆಲ್ಮೆಟ್ ತೆಗೆದು ತಲೆ, ಕತ್ತಿಗೆ ನೀರು ಹಾಕಿ. ಮಾತು ತೊದಲಿದರೆ, ಗೊಂದಲ ಕಂಡರೆ ತಡ ಮಾಡದೆ 108ಕ್ಕೆ ಕರೆ ಮಾಡಬೇಕು. ಎದೆನೋವಿಗೂ ಅಷ್ಟೇ. "ಇನ್ನೇನು ಐದು ಕಿಲೋಮೀಟರ್" ಅನ್ನುವ ಮಾತು ಆಗ ಬೇಡ.

ಸಾಕು ಅನ್ನಿಸಿದರೆ ಲಗೇಜ್ ಆಟೊ ಹಿಡಿಯಲು ಸಂಕೋಚ ಬೇಡ. ಇದು ಬಸ್ಸು ಓಡಾಡುವ ಹೆದ್ದಾರಿ, ಆದರೆ ಸೈಕಲ್ ಇಡಲು ಜಾಗ ಇರುವ ಬಸ್ಸು ಸಿಗುವುದು ಕಷ್ಟ. ಆಟೊದವರೊಬ್ಬರ ನಂಬರ್ ಹೊರಡುವ ಮುಂಚೆಯೇ ಫೋನಿನಲ್ಲಿರಲಿ.

ಹಂತ 10: ಮನೆಗೆ ಬಂದ ಮೇಲೆ, ಮುಂದಿನ ದಾರಿ

ಮೊದಲು ನೀರು ಮಜ್ಜಿಗೆ, ಒಂದು ಗಂಟೆಯೊಳಗೆ ಸರಿಯಾದ ಊಟ. ಸೈಕಲ್ಲಿನ ಚೈನು ಒಣಬಟ್ಟೆಯಿಂದ ಒರೆಸಿ ಎಣ್ಣೆ ಬಿಡಿ. ಟಯರಿನಲ್ಲಿ ಸಿಕ್ಕ ಮುಳ್ಳು, ಗಾಜಿನ ಚೂರು ಅವತ್ತೇ ಕೀಳಿ. ಬಳಸಿದ ಟ್ಯೂಬಿಗೆ ಪ್ಯಾಚ್ ಹಾಕಿ ಚೀಲಕ್ಕೆ ಸೇರಿಸಿ. ಮರುದಿನ ಮೊಣಕಾಲು ನೋಯುತ್ತಿದ್ದರೆ ಸೀಟಿನ ಎತ್ತರಕ್ಕೆ ವಾಪಸ್ ಹೋಗಿ ನೋಡಿ.

ಅಯ್ಯನಕೆರೆಯ ವಾಪಸ್ ದಾರಿಯನ್ನು ಎಲ್ಲೂ ಸೋಲದೆ ಮುಗಿಸಿದ ಮೇಲೆ ಬೇಲೂರು, ಹಳೇಬೀಡಿನ ಕಡೆ ಹೊರಡಬಹುದು. ಬೇಲೂರಿನ ಪಕ್ಕದಲ್ಲೇ ಯಗಚಿ ಜಲಾಶಯ ಇದೆ. ಅಲ್ಲಿಂದ ಹಳೇಬೀಡಿನ ದೋರಸಮುದ್ರ ಕೆರೆಗೆ ಸುಮಾರು 16 ಕಿ.ಮೀ. ಹಾಸನದವರು ಹಾಸನ, ಹಳೇಬೀಡು, ಬೇಲೂರು, ಮತ್ತೆ ಹಾಸನ ಎಂದು ಸುತ್ತು ಹಾಕಿದರೆ 85 ಕಿ.ಮೀ. ಹತ್ತಿರ ಆಗುತ್ತದೆ. 2023ರಲ್ಲಿ ಇಲ್ಲಿನ ದೇವಸ್ಥಾನಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ, ರಜಾದಿನ ಕಾರುಗಳ ಸಾಲು ಜೋರು. ವಾರದ ನಡುವಿನ ದಿನ ನೋಡಿ ಹೊರಡಿ, ಹಳೇಬೀಡನ್ನು ಬೆಳಿಗ್ಗೆಯೇ ಮುಗಿಸಿ.